ತೀರ್ಪಿನ ಉಳಿದ ಪುಟಗಳು

ಹಾಲ್ಕುರಿಕೆ
9 ಸೆಪ್ಟೆಂಬರ್ 1983

ಹೊಂಬಾಳೆ,

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ವಿಳಾಸಕ್ಕಾಗಿ ಬಿಳಿಗೆರೆಗೆ ಹೋಗಿ ನಿಮ್ಮ ದೊಡ್ಡಪ್ಪ ಹನುಮಂತಯ್ಯನವರನ್ನು ಕಂಡೆ. ನೀನು ಬೆಂಗಳೂರಿನಲ್ಲಿ ವಕೀಲರ ಗ್ರಂಥಾಲಯವೊಂದರಲ್ಲಿ ಕೆಲಸಕ್ಕಿದ್ದೀಯೆ ಎಂದರು. "ಕಾನೂನು ಪುಸ್ತಕದ ಮಧ್ಯದಾಗೇ ಅವ್ಳ ವಾಸ ಕಣಮ್ಮ" ಎಂದರು. ಆ ಒಂದು ಮಾತಿಗಾಗಿ ಈ ಕಾಗದ.

ನೀನು ನನ್ನ ಮದುವೆಗೆ ಬರಲಿಲ್ಲ. ಯಾಕೆಂದು ಆಗ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಚಿಕ್ಕನಾಯಕನಹಳ್ಳಿಯಲ್ಲಿ ಐದು ವರ್ಷಕ್ಕೆ ಕೆಲವು ತಿಂಗಳು ಕಡಿಮೆ ಸಂಸಾರ ಮಾಡಿದೆ. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಕೋರ್ಟಿನ ಕಾಗದಗಳಲ್ಲಿ ಓದಿ ಓದಿ ನನಗೆ ಆ ಸಂಕೋಚ ಹೋಗಿದೆ. ತೋಂಟದಾರ್ಯರಿಗೆ ಕೊಬ್ಬರಿ ವ್ಯಾಪಾರ. ಬೆಳಗ್ಗೆ ಮಂಡಿಗೆ ಹೊರಟಾಗ ಮನೆಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು, ಸಂಜೆ ಬಂದು ತೆಗೆಯುತ್ತಿದ್ದರು. ಮೊದಲ ವಾರ ಮರೆತು ಹಾಕಿದರೆಂದುಕೊಂಡೆ. ಅವರು ಹೊಡೆದವರಲ್ಲ, ಬೈದವರಲ್ಲ. ಬೀಗ ಯಾಕೆ ಎಂದು ಕೇಳಿದರೆ "ನಮ್ಮನೇಲಿ ಹಂಗೇ" ಎನ್ನುತ್ತಿದ್ದರು. ಅಟ್ಟದ ತುಂಬ ಕಾಯಿ. ಅಟ್ಟದ ಏಣಿಯ ಮೇಲೆ ಕೂತರೆ ಕಿಂಡಿಯಿಂದ ತಿಪಟೂರು ಬಸ್ಸಿನ ನೆತ್ತಿ ಮಾತ್ರ ಕಾಣುತ್ತಿತ್ತು. ಅದರ ಮೇಲೆ ಕಟ್ಟಿದ ಮೂಟೆಗಳು, ಒಮ್ಮೊಮ್ಮೆ ಒಂದು ಕುರಿ.

ಎಂಬತ್ತೊಂದನೇ ಇಸವಿ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಹತ್ತರ ಹೊತ್ತಿಗೆ ಅಂಚೆಯವರು ಬಾಗಿಲು ತಟ್ಟಿದರು. "ತಂತಿ ಬಂದೈತೆ, ಕದ ತೆಗೀರಮ್ಮ." ಬೀಗ ನಿಮ್ಮ ಕಡೆಗಿದೆ ಎಂದೆ. ಅವರು ಬೀಗವನ್ನು ಒಮ್ಮೆ ಅಲುಗಿಸಿ ನೋಡಿದರು. ಆಮೇಲೆ ತಂತಿಯನ್ನೂ ರುಜು ಹಾಕುವ ಚೀಟಿಯನ್ನೂ ಬಾಗಿಲ ಸಂದಿಯಲ್ಲಿ ತೂರಿಸಿದರು. ಅಪ್ಪ ಹೋಗಿಬಿಟ್ಟಿದ್ದರು. ಮಂಡಿಗೆ ಸುದ್ದಿ ಮುಟ್ಟಿಸಿ ಎಂದು ಬೇಡಿಕೊಂಡೆ. ಮುಟ್ಟಿಸಿದರಂತೆ. ಇವರು ಬಂದದ್ದು ದೀಪ ಹಚ್ಚುವ ಹೊತ್ತಿಗೆ. "ಲಾರಿ ತುಂಬುತ್ತಿತ್ತು" ಎಂದರು. ಬಾಡಿಗೆ ಕಾರು ಮಾಡಿ ಕರೆದುಕೊಂಡು ಬಂದರು, ಅದನ್ನೂ ಹೇಳಬೇಕು. ನಾವು ಹಾಲ್ಕುರಿಕೆ ಸೇರುವಷ್ಟರಲ್ಲಿ ಅಪ್ಪನನ್ನು ಮಣ್ಣು ಮಾಡಿ ಎಲ್ಲರೂ ಕೈಕಾಲು ತೊಳೆದಿದ್ದರು.

ನಾನು ಹಿಂದಿರುಗಿ ಹೋಗಲಿಲ್ಲ. ಅಪ್ಪ ತೋಟವನ್ನು ನನ್ನ ಹೆಸರಿಗೆ ಬರೆದಿದ್ದರು. ಅಮ್ಮನೂ ನಾನೂ ಅದರಲ್ಲೇ ಜೀವನ ಮಾಡುತ್ತಿದ್ದೇವೆ. ಈಗ ತೋಂಟದಾರ್ಯರು ಕೋರ್ಟಿಗೆ ಹೋಗಿದ್ದಾರೆ. ಹಿಂದೂ ವಿವಾಹ ಕಾಯ್ದೆಯ ಒಂಬತ್ತನೇ ಕಲಂ ಅಂತೆ. ಸರಿಯಾದ ಕಾರಣವಿಲ್ಲದೆ ಮನೆ ಬಿಟ್ಟ ಹೆಂಡತಿ ಹಿಂದಿರುಗಿ ಸಂಸಾರ ಮಾಡಬೇಕೆಂದು ಕೋರ್ಟು ಡಿಕ್ರಿ ಕೊಡಬಹುದಂತೆ. ನನ್ನ ವಕೀಲರು ಬಸವರಾಜಪ್ಪನವರು ಒಳ್ಳೆಯವರು, ವಯಸ್ಸಾದವರು. ಅವರ ಬೀರುವಿನಲ್ಲಿ ಹದಿನೈದು ವರ್ಷದಿಂದೀಚೆಗೆ ಹೊಸ ಪುಸ್ತಕ ಸೇರಿಲ್ಲ. ನನ್ನಂಥ ಒಬ್ಬಳು ಎಲ್ಲಾದರೂ ಗೆದ್ದ ತೀರ್ಪು ಇದ್ದರೆ ಹುಡುಕಿಕೊಡು.

ಗಿರಿಜಾಂಬಿಕಾ


ಬೆಂಗಳೂರು
21 ಸೆಪ್ಟೆಂಬರ್ 1983

ಗಿರಿಜಾ,

ಮುಂದೆ ಬರೆಯುವಾಗ ಲಕೋಟೆಯ ಮೇಲಿರುವ ಗ್ರಂಥಾಲಯದ ವಿಳಾಸಕ್ಕೆ ಬರಿ. ನಾನಿರುವುದು ಮಾಯಣ್ಣನ ಮನೆಯಲ್ಲಿ. ಅಣ್ಣ ನನಗೆ ಬಂದ ಕಾಗದವನ್ನು ತಾನು ಓದಿಯೇ ಕೊಡುತ್ತಾನೆ. ನಿನ್ನದನ್ನೂ ಓದಿದ. "ಗಂಡನ ಮನೇಲಿ ಊಟ ಬಟ್ಟೆ ಸಿಕ್ತಿತ್ತಂತಲ್ಲ, ಇನ್ನೇನು ಬೇಕಿತ್ತು" ಎಂದ. ನಾನು ಕಾಗದ ಮಡಿಚಿಕೊಂಡು ಒಳಗೆ ಹೋದೆ. ಈ ಮನೆಯಲ್ಲಿ ನನ್ನ ಉತ್ತರಗಳೆಲ್ಲ ಹೀಗೇ.

ಹುಡುಕುತ್ತಿದ್ದೇನೆ. ಇಲ್ಲಿ ಡೈಜೆಸ್ಟ್ ಎಂಬ ದಪ್ಪ ಪುಸ್ತಕಗಳಿವೆ. ದೇಶದ ಹೈಕೋರ್ಟುಗಳ ತೀರ್ಪುಗಳನ್ನೆಲ್ಲ ವಿಷಯವಾರು ಎರಡೆರಡು ಸಾಲಿಗೆ ಇಳಿಸಿ, ಪಕ್ಕದಲ್ಲಿ ಇಸವಿ, ಪುಟ ಕೊಟ್ಟಿರುತ್ತಾರೆ. ಅದನ್ನು ಗುರುತು ಮಾಡಿಕೊಂಡು ಏಣಿ ಹತ್ತಿ ಆ ಇಸವಿಯ ಸಂಪುಟ ಇಳಿಸಬೇಕು. ಓದಬೇಕು. ಆಮೇಲೆ ಅದರ ನಂತರದ ಸಂಪುಟಗಳನ್ನೆಲ್ಲ ನೋಡಿ, ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ತಳ್ಳಿಹಾಕಿದ ತೀರ್ಪನ್ನು ಕೋರ್ಟಿಗೆ ಒಯ್ದರೆ ಅದಕ್ಕಿಂತ ಅವಮಾನವಿಲ್ಲ ಎನ್ನುತ್ತಾರೆ ವಕೀಲರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ದಿನಕ್ಕೆ ಎರಡು ಮೂರು ನೋಡಬಹುದು.

ಈವರೆಗೆ ಸಿಕ್ಕಿದ್ದರಲ್ಲಿ ಹೆಂಡತಿಯ ಪರವಾಗಿರುವುದು ನಾಲ್ಕೇ. ನಾಲ್ಕರಲ್ಲೂ ಮೈಮೇಲೆ ಗಾಯವಿತ್ತು, ಡಾಕ್ಟರ ಚೀಟಿ ಇತ್ತು. 'ಕ್ರೌರ್ಯ' ಎಂಬ ತಲೆಬರಹದ ಕೆಳಗೆ ನೂರಾರು ಕೇಸುಗಳಿವೆ. 'ಬೀಗ' ಎಂಬ ತಲೆಬರಹ ಇಲ್ಲ. ಹೇಗೆ ಹುಡುಕಲಿ ಹೇಳು.

ಬಿಡುವುದಿಲ್ಲ.

ಹೊಂಬಾಳಮ್ಮ


ಬೆಂಗಳೂರು
14 ಡಿಸೆಂಬರ್ 1983

ಗಿರಿಜಾ,

ಸಿಕ್ಕಿತು ಕಣೇ.

ಡೈಜೆಸ್ಟಿನಲ್ಲಿ ಅಲ್ಲ, ಅದಕ್ಕಿನ್ನೂ ಸೇರಿಲ್ಲ. ತಿಂಗಳ ಬಿಡಿ ಸಂಚಿಕೆಗಳನ್ನು ಬೈಂಡಿಂಗಿಗೆ ಜೋಡಿಸಲು ಏಣಿ ಹತ್ತಿ ಇಳಿಸುತ್ತಿದ್ದೆ. ಆಂಧ್ರ ಹೈಕೋರ್ಟಿನದು, ಹೋದ ಜುಲೈ ಒಂದನೇ ತಾರೀಖಿನ ತೀರ್ಪು. ಹದಿನಾರು ವರ್ಷಕ್ಕೆ ಮದುವೆಯಾದ ಹುಡುಗಿ, ಗಂಡ ಅವಳನ್ನು ವಾಪಸು ಕಳಿಸಿ ಎಂದು ಕೋರ್ಟಿಗೆ ಬಂದವನು. ಅವಳಿಗೆ ಕಾರಣವಿತ್ತೋ ಇಲ್ಲವೋ ಎಂಬ ಲೆಕ್ಕಕ್ಕೇ ಜಡ್ಜು ಹೋಗಿಲ್ಲ. ಆ ಒಂಬತ್ತನೇ ಕಲಮೇ ಸಂವಿಧಾನಕ್ಕೆ ವಿರುದ್ಧ, ಆದ್ದರಿಂದ ನಿಲ್ಲುವುದಿಲ್ಲ ಎಂದಿದ್ದಾರೆ. ಹೆಂಗಸು ತನ್ನ ಮೈಯನ್ನು ಯಾರ ಹತ್ತಿರಕ್ಕೆ ಬಿಡಬೇಕು ಎಂಬ ನಿರ್ಧಾರವನ್ನು ಅವಳ ಕೈಯಿಂದ ಕಿತ್ತು ಸರ್ಕಾರದ ಕೈಗೆ ಕೊಟ್ಟಂತಾಗುತ್ತದೆ ಈ ಕಲಂ, ಎಂಬುದು ಅದರ ಸಾರಾಂಶ.

ಓದುತ್ತ ಏಣಿಯ ಮೇಲೇ ನಿಂತುಬಿಟ್ಟಿದ್ದೆ. ಕೆಳಗಿನಿಂದ ಯಾರೋ ವಕೀಲರು ಪುಸ್ತಕ ಕೇಳಿದ್ದು ಕೇಳಿಸಲಿಲ್ಲ.

ಪೂರ್ತಿ ತೀರ್ಪನ್ನು ಕೈಯಲ್ಲೇ ನಕಲು ಮಾಡಿದ್ದೇನೆ, ಒಂಬತ್ತು ದಿನ ಹಿಡಿಯಿತು. ಬೇಕಾದ ಕಡೆ ಅಂಚಿನಲ್ಲಿ ಕನ್ನಡದಲ್ಲಿ ಅರ್ಥ ಬರೆದಿದ್ದೇನೆ. ಪುಟದ ಸಂಖ್ಯೆ ಮೇಲೆ ಇದೆ, ಬಸವರಾಜಪ್ಪನವರಿಗೆ ಅದು ಮುಖ್ಯ.

ಹೊಂಬಾಳೆ


ಹಾಲ್ಕುರಿಕೆ
3 ಜನವರಿ 1984

ಪ್ರಿಯ ಹೊಂಬಾಳೆ,

ನಕಲು ಬಂತು. ನೀನು ಅಡಿಗೆರೆ ಹಾಕಿದ ಸಾಲುಗಳನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ನಮ್ಮಮ್ಮ ಶಿವರುದ್ರಮ್ಮ ಗೊತ್ತಲ್ಲ, ಯಾವುದಕ್ಕೂ ಬೇಗ ಬಾಯಿ ಬಿಡುವವರಲ್ಲ. ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಿ, "ಅದ ಬರ್ದೋರು ಗಂಡಸ್ರಾ?" ಎಂದು ಕೇಳಿದರು. ಹೌದಮ್ಮ ಎಂದೆ. ಮೊರ ಪಕ್ಕಕ್ಕಿಟ್ಟರು. "ಇನ್ನೊಂದ್ಸಲ ಓದು" ಎಂದರು.

ಬಸವರಾಜಪ್ಪನವರು ಕನ್ನಡಕ ತೆಗೆದು ಒರೆಸಿ ಒರೆಸಿ ಓದಿದರು. "ನಲವತ್ತು ವರ್ಷದಾಗೆ ಇಂಥ ರೂಲಿಂಗ್ ನೋಡಿಲ್ಲ ಕಣಮ್ಮ. ಆದ್ರೆ ಆಂಧ್ರದ್ದು. ನಮ್ ಜಡ್ಜು ಒಪ್ಪಲೇಬೇಕು ಅಂತೇನಿಲ್ಲ. ಇರ್ಲಿ ಬುಡು, ವಿರುದ್ಧವಾಗಿ ಇನ್ನೊಂದು ಇಲ್ದಿದ್ರೆ ಇದೇ ನಡೀಬಹುದು. ನಿನ್ನ ಸ್ನೇಹಿತೆಗೆ ಹೇಳು, ವಿರುದ್ಧವಾದ್ದು ಬಂದ್ರೆ ತಕ್ಷಣ ತಿಳಿಸ್ಲಿ. ಅದು ಗೊತ್ತಿದ್ರೆ ಅದಕ್ಕೆ ತಕ್ಕ ವಾದ ಕಟ್ಕೋಬಹುದು."

ಅವರ ಮಾತನ್ನು ಹಾಗೇ ಬರೆದಿದ್ದೇನೆ. ನೆನಪಿಟ್ಟುಕೊ.

ಈಗ ಊರಲ್ಲಿ ತಲೆ ಎತ್ತಿ ನಡೆಯುತ್ತೇನೆಂದು ಜನ ಆಡಿಕೊಳ್ಳುತ್ತಾರೆ. ಎತ್ತಿರಬಹುದು.

ನಿನ್ನ ಗಿರಿಜಾ


ಹಾಲ್ಕುರಿಕೆ
19 ಏಪ್ರಿಲ್ 1984

ಹೊಂಬಾಳಮ್ಮ,

ನೆನ್ನೆ ಕೋರ್ಟಿನಲ್ಲಿ ಪಾಟಿ ಸವಾಲು ನಡೆಯಿತು. ಅವರ ಕಡೆ ವಕೀಲರು ಮೆಲ್ಲಗೆ, ಮನೆಯವರಂತೆ ಮಾತಾಡುವ ಮನುಷ್ಯ.

"ನಿಮ್ಮ ಯಜಮಾನ್ರು ನಿಮಗೆ ಹೊಡ್ದಿದಾರಾ?"

"ಇಲ್ಲ."

"ಊಟ ಬಟ್ಟೆಗೆ?"

"ಕಡಿಮೆ ಮಾಡಿಲ್ಲ."

"ಪೇಟೆ ಬೀದೀಲಿ ಮನೆ. ಅಟ್ಟದ ತುಂಬ ಮಾಲು. ಹೆಂಗಸ್ರು ಒಬ್ರೇ ಇರ್ತಾರೆ ಅಂತ ಬೀಗ ಹಾಕಿದ್ರೆ ಅದು ಕಾಳಜಿ ಅಲ್ವೇನಮ್ಮ?"

ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ, "ತಂತಿ ಬಂದ ದಿನ ಬಾಡಿಗೆ ಕಾರು ಮಾಡಿ ಕರ್ಕೊಂಡ್ ಹೋದೋರು ಯಾರು?" ಎಂದರು.

"ಅವರೇ."

"ಅಷ್ಟೇ ಸ್ವಾಮಿ" ಎಂದು ಕೂತರು. ಐದು ವರ್ಷದ ಬೀಗವನ್ನು ಹೇಳಲು ನನಗೆ ಕೊಟ್ಟ ಹೊತ್ತು ಅಷ್ಟು.

ಆಮೇಲೆ ಬಸವರಾಜಪ್ಪನವರು ನಿನ್ನ ನಕಲು ಹಿಡಿದು ಎದ್ದರು. ಜಡ್ಜು ಆಸಕ್ತಿಯಿಂದಲೇ ಕೇಳಿದರು. ಅವರು ಮುಗಿಸಿದ ಮೇಲೆ ಆ ವಕೀಲರು ಚೀಲದಿಂದ ಒಂದು ಸಂಚಿಕೆ ತೆಗೆದರು. ದೆಹಲಿ ಹೈಕೋರ್ಟು, ಹೋದ ನವೆಂಬರ್. ಆಂಧ್ರದವರು ಹೇಳಿದ್ದನ್ನು ಅಲ್ಲಿ ಒಪ್ಪಿಲ್ಲ. ಗಂಡಹೆಂಡಿರ ಮನೆಯೊಳಕ್ಕೆ ಸಂವಿಧಾನವನ್ನು ತರಬಾರದಂತೆ. ಸಂವಿಧಾನ ಹೊಸಿಲಿಂದಾಚೆ ನಿಲ್ಲಬೇಕಂತೆ. ನಮ್ಮ ಮನೆಯಲ್ಲಿ ಬೀಗವೂ ಅಲ್ಲೇ ಇತ್ತು.

ಬಸವರಾಜಪ್ಪನವರು ಆ ಸಂಚಿಕೆಯನ್ನು ಈಸಿಕೊಂಡು ತಾರೀಖು ನೋಡಿ, ನಿನ್ನ ನಕಲನ್ನು ಮಡಿಚಿ ಕೂತರು. ಹೊರಗೆ ಬಂದು, "ಆ ಸಂಚಿಕೆ ಬಂದು ಒಂದು ತಿಂಗ್ಳಾದ್ರೂ ಆಗಿರ್ಬೇಕು ಕಣಮ್ಮ" ಎಂದರಷ್ಟೇ.

ನಿನಗೆ ಗೊತ್ತಿತ್ತೆ?

ಗಿರಿಜಾಂಬಿಕಾ


ಬೆಂಗಳೂರು
5 ಮೇ 1984

ಗಿರಿಜಾ,

ಗೊತ್ತಿತ್ತು.

ಮಾರ್ಚ್ ಮೊದಲ ವಾರ ಸಂಚಿಕೆ ಬಂತು. ಟಪಾಲು ಒಡೆದವಳೇ ನಾನು. ಓದಿದೆ. ನಿನಗೆ ಬರೆಯಲು ಮೂರು ಸಲ ಕೂತೆ. ಏಳು ವರ್ಷದಲ್ಲಿ ಮೊದಲ ಬಾರಿಗೆ ನೀನು 'ಪ್ರಿಯ ಹೊಂಬಾಳೆ' ಎಂದು ಬರೆದಿದ್ದೆ. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಚಿಕ್ಕ ಊರಿನ ವಕೀಲರ ಕೈಗೆ ಆ ಸಂಚಿಕೆ ಇಷ್ಟು ಬೇಗ ಎಲ್ಲಿ ಸಿಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇದಕ್ಕೆ ಬೇರೆ ವಿವರಣೆ ಇಲ್ಲ.

ಇದು ಮೊದಲ ಸಲವೂ ಅಲ್ಲ. ನೀನು ಕೇಳದಿದ್ದುದನ್ನು ನಾನೇ ಹೇಳಿಬಿಡುತ್ತೇನೆ.

ಚಿಕ್ಕನಾಯಕನಹಳ್ಳಿಯಲ್ಲಿ ನಿನ್ನ ಅತ್ತೆ ಮನೆಯ ಬೀದಿಯಲ್ಲೇ ನನ್ನ ಚಿಕ್ಕಮ್ಮ ಚಿಕ್ಕಗೌರಮ್ಮ ಇದ್ದಳು. ನಿನ್ನ ಮದುವೆ ಗೊತ್ತಾದಾಗ ನಾನು ಅಲ್ಲಿಗೆ ಹೋಗಿದ್ದೆ. ಅವಳು ಆ ಮನೆ ತೋರಿಸಿ ಹೇಳಿದಳು: "ಆ ಮನೆ ಹೆಂಗಸ್ರ ಮುಖ ಯಾರೂ ಕಂಡಿಲ್ಲ ಕಣೇ. ಅವನವ್ವನ್ನೂ ಹಿಂಗೇ ಬೀಗದೊಳಗೆ ಮಡಗಿದ್ರು. ಸತ್ತಾಗ್ಲೇ ಆಚೆ ಬಂದಿದ್ದು." ನಾನು ಹಾಲ್ಕುರಿಕೆಗೆ ಬರಬೇಕೆಂದು ಬಸ್‌ಸ್ಟ್ಯಾಂಡಿನವರೆಗೂ ಬಂದೆ. ನನಗಿನ್ನೂ ಗಂಡು ಗೊತ್ತಾಗಿರಲಿಲ್ಲ. ನಿನಗೆ ದೊಡ್ಡ ಮನೆ ಸಿಕ್ಕಿತೆಂದು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆಂದು ನೀನು, ನಿಮ್ಮಪ್ಪ ತಿಳಿಯುತ್ತೀರಿ ಎಂದುಕೊಂಡೆ. ಬಿಳಿಗೆರೆ ಬಸ್ಸು ಹತ್ತಿದೆ. ಅದಾದ ಮೇಲೆ ಮದುವೆಗೆ ಯಾವ ಮುಖ ಹೊತ್ತು ಬರಲಿ?

ನಿನ್ನ ಬಾಗಿಲ ಬೀಗದ ಒಂದು ಕೀ ನನ್ನ ಹತ್ತಿರವೂ ಇತ್ತು. ಕ್ಷಮಿಸು ಎಂದು ಕೇಳುತ್ತಿಲ್ಲ.

ಹೊಂಬಾಳಮ್ಮ


(ಅಂಚೆ ಕಾರ್ಡು)
ಬೆಂಗಳೂರು
11 ಆಗಸ್ಟ್ 1984

ಗಿರಿಜಾ,

ನೀನು ಉತ್ತರ ಬರೆಯಬೇಕಾಗಿಲ್ಲ. ಇವತ್ತು ನಮ್ಮ ಓದುಮನೆಯಲ್ಲಿ ಎಲ್ಲರೂ ಇದನ್ನೇ ಮಾತಾಡುತ್ತಿದ್ದಾರೆ. ಇದೇ ಎಂಟನೇ ತಾರೀಖು ಸುಪ್ರೀಂ ಕೋರ್ಟು ಆಂಧ್ರದ ತೀರ್ಪನ್ನು ತಳ್ಳಿಹಾಕಿದೆ. ಒಂಬತ್ತನೇ ಕಲಂ ಊರ್ಜಿತ. ಇದು ಇಡೀ ದೇಶಕ್ಕೆ ಅನ್ವಯ. ವಾಯಿದೆಗೆ ಮುಂಚೆ ಬಸವರಾಜಪ್ಪನವರಿಗೆ ತಿಳಿಸು. ಕೇಳಿದ ದಿನವೇ ಬರೆಯುತ್ತಿದ್ದೇನೆ.

ಹೊಂಬಾಳಮ್ಮ


ಹಾಲ್ಕುರಿಕೆ
20 ಅಕ್ಟೋಬರ್ 1984

ಹೊಂಬಾಳೆ,

ನಿನ್ನ ಮೇ ತಿಂಗಳ ಕಾಗದವನ್ನು ಒಲೆಗೆ ಹಾಕಲು ಎರಡು ಸಲ ಎತ್ತಿಕೊಂಡೆ. ಹಾಕಲಿಲ್ಲ. ಅಮ್ಮನಿಗೂ ತೋರಿಸಲಿಲ್ಲ.

ಮೊನ್ನೆ ಹದಿನೇಳಕ್ಕೆ ಡಿಕ್ರಿಯಾಯಿತು. ನಾನು ಗಂಡನ ಮನೆಗೆ ಹಿಂದಿರುಗಿ ಸಂಸಾರ ಮಾಡಬೇಕು. ಜಡ್ಜು ಓದುವಾಗ ನನ್ನ ಕಡೆ ನೋಡಲಿಲ್ಲ. ತೋಂಟದಾರ್ಯರು ಹೊರಗೆ ಹುಣಸೆ ಮರದ ಕೆಳಗೆ ನಿಂತಿದ್ದರು. "ಮನೆಗೆ ಸುಣ್ಣ ಹೊಡೆಸೀನಿ, ಬಾ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮರೆತುಹೋದ ಸಾಮಾನು ಸಿಕ್ಕಿದರೆ ಮನುಷ್ಯರು ಹೇಗೆ ಮಾತಾಡುತ್ತಾರೋ ಹಾಗಿತ್ತು. ಅದಕ್ಕೇ ನನಗೆ ಹೆದರಿಕೆಯಾದದ್ದು.

ಪೊಲೀಸರು ಬಂದು ಎಳೆದುಕೊಂಡು ಹೋಗುವುದಿಲ್ಲ, ಆದರೆ ನಾನು ಹೋಗದಿದ್ದರೆ ತೋಟವನ್ನು ಜಪ್ತಿ ಮಾಡಿಸಬಹುದು ಎಂದಿದ್ದಾರೆ ಬಸವರಾಜಪ್ಪ. ನಾನಾಗಿ ಬಿಡುಗಡೆ ಕೇಳೋಣವೆಂದರೆ ಕೈಯಲ್ಲಿ ಸಾಕ್ಷಿ ಇಲ್ಲ. ಹೋದರೆ ಒಳಗೆ, ಹೋಗದಿದ್ದರೆ ಹೀಗೇ ಸಾಯುವವರೆಗೆ ಅವರ ಹೆಂಡತಿ. ಎರಡು ದಿನದಿಂದ ಅನ್ನ ಸೇರುತ್ತಿಲ್ಲ.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಬರೆಯಲು ಇನ್ನು ಯಾರೂ ಇಲ್ಲ.

ಗಿರಿಜಾ


ಬೆಂಗಳೂರು
18 ನವೆಂಬರ್ 1984

ಗಿರಿಜಾ,

ಮೊದಲು ಕೆಟ್ಟದ್ದು: ತೋಟದ ವಿಷಯ ಬಸವರಾಜಪ್ಪನವರು ಹೇಳಿದ್ದು ನಿಜ. ಜಪ್ತಿಯಾಗಿ ಆರು ತಿಂಗಳ ಮೇಲೂ ನೀನು ಹೋಗದಿದ್ದರೆ ಮಾರಿಸಿ ಅವರಿಗೆ ಪರಿಹಾರ ಕೊಡಿಸಬಹುದು.

ಇನ್ನೊಂದು ವಿಷಯ. ನಿಧಾನವಾಗಿ ಓದು. ಬಸವರಾಜಪ್ಪನವರ ಎದುರಿಗೇ ಓದು.

ಸುಪ್ರೀಂ ಕೋರ್ಟಿನ ಆ ತೀರ್ಪಿನ ಪೂರ್ತಿ ವರದಿ ಈಗ ಬಂದಿದೆ. ಎಲ್ಲರ ಬಾಯಲ್ಲಿ ಬಂದದ್ದು ಒಂಬತ್ತನೇ ಕಲಮಿನ ಭಾಗ ಒಂದೇ. ವಕೀಲರೂ ಬಂದು ಅದೊಂದನ್ನೇ ಗುರುತು ಹಾಕಿಕೊಂಡು ಸಂಚಿಕೆ ಮುಚ್ಚುತ್ತಿದ್ದಾರೆ. ಉಳಿದ ಪುಟಗಳನ್ನು ನಾನು ಮೂರು ದಿನ ಓದಿದೆ. ಆ ಕೇಸಿನಲ್ಲಿ ಒಂಬತ್ತನೇ ಕಲಮಿನಡಿ ಹೋದವಳು ಹೆಂಡತಿ. ಗಂಡ ಒಪ್ಪಿಕೊಂಡ, ಅವನ ಮೇಲೆ ಡಿಕ್ರಿಯಾಯಿತು. ಆದರೂ ಒಂದು ವರ್ಷ ಅವರು ಕೂಡಿ ಬಾಳಲಿಲ್ಲ. ಆಮೇಲೆ ಅವನೇ ವಿಚ್ಛೇದನ ಕೇಳಿದ. ಡಿಕ್ರಿಯಂತೆ ನಡೆಯದವನು ತನ್ನ ತಪ್ಪಿನಿಂದಲೇ ಲಾಭ ಪಡೆಯುವುದು ಹೇಗೆ ಎಂದು ಅವಳು ವಾದ ಮಾಡಿದಳು. ಬರೀ ಕೂಡಿ ಬಾಳದೆ ಹೋದದ್ದು ಅಂಥ ತಪ್ಪಲ್ಲ ಎಂದು ಹೇಳಿ, ಸುಪ್ರೀಂ ಕೋರ್ಟು ಅವನಿಗೆ ವಿಚ್ಛೇದನ ಕೊಟ್ಟಿದೆ.

ಕಾಯ್ದೆಯಲ್ಲಿ ಗಂಡ ಎಂದಿಲ್ಲ, ಹೆಂಡತಿ ಎಂದಿಲ್ಲ. ಡಿಕ್ರಿಯಾಗಿ ಒಂದು ವರ್ಷ ಕೂಡಿ ಬಾಳದಿದ್ದರೆ ಇಬ್ಬರಲ್ಲಿ ಯಾರಾದರೂ ಕೇಳಬಹುದು ಎಂದಿದೆ. ಎಂದರೆ ನೀನು ಸೋತ ಡಿಕ್ರಿಯೇ ನಿನಗೆ ದಾರಿ. ಮುಂದಿನ ಅಕ್ಟೋಬರ್ ಹದಿನೇಳರವರೆಗೆ ನೀನು ಅವರೊಂದಿಗೆ ಬಾಳದಿದ್ದರೆ ಅದಾದ ಮೇಲೆ ವಿಚ್ಛೇದನಕ್ಕೆ ಅರ್ಜಿ ಹಾಕಬಹುದು. ಬೀಗವನ್ನು ರುಜುವಾತು ಮಾಡಬೇಕಾಗಿಲ್ಲ.

ಎಚ್ಚರಿಕೆಯ ಮಾತು ಒಂದಿದೆ. ಡಿಕ್ರಿಯಾದ ಮೇಲೆ ಎರಡು ದಿನ ಒಟ್ಟಿಗಿದ್ದೆವು ಎಂದು ಆ ಹೆಂಡತಿ ಹೇಳಿದ್ದಳು. ಕೋರ್ಟು ನಂಬಲಿಲ್ಲ, ಆದರೆ ಅದರ ಮೇಲೆ ದೊಡ್ಡ ಜಗಳವೇ ನಡೆದಿದೆ. ಆದ್ದರಿಂದ ಈ ಒಂದು ವರ್ಷ ಅವರಿರುವ ಸೂರಿನ ಕೆಳಗೆ ನೀನು ಒಂದು ದಿನವೂ ಇರಬೇಡ. ಹಬ್ಬಕ್ಕೂ ಬೇಡ, ಸಾವಿಗೂ ಬೇಡ.

ಪೂರ್ತಿ ನಕಲು ಇದರೊಂದಿಗಿದೆ. ನಿನಗೆ ವಿರುದ್ಧವಾದ ಸಾಲುಗಳಿಗೂ ಅಡಿಗೆರೆ ಹಾಕಿದ್ದೇನೆ.

ಹೊಂಬಾಳೆ


ಹಾಲ್ಕುರಿಕೆ
8 ಮಾರ್ಚ್ 1985

ಹೊಂಬಾಳೆ,

ತೋಟ ಜಪ್ತಿಯಾಯಿತು. ಕೋರ್ಟಿನ ಅಮೀನರು ಬಂದು ತಮಟೆ ಹೊಡೆಸಿ, ನೋಟೀಸನ್ನು ಬಾವಿಯ ಪಕ್ಕದ ಮರಕ್ಕೆ ಅಂಟಿಸಿದರು. ಊರೆಲ್ಲ ಬಂದು ನೋಡಿತು. ಅಪ್ಪ ನೆಟ್ಟ ಮರ ಅದು.

ಅವತ್ತು ನಾನು ಅಮ್ಮನಿಗೆ ಹೇಳಿದೆ, "ನಿಮ್ಮ ವಯಸ್ಸಿಗೆ ತೋಟ ಕಳೆಯೋದು ಬೇಡ. ನಾನು ಹೋಗಿಬಿಡ್ತೀನಿ." ನಿಜವಾಗಿಯೂ ಹೋಗಲು ಸಿದ್ಧಳಾಗಿದ್ದೆ. ಸೀರೆ ಮಡಿಚಿಟ್ಟಿದ್ದೆ. ಅಮ್ಮ ಆ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಗಳುವಿನ ಮೇಲೆ ಹಾಕಿದರು. "ನಿಮ್ಮಪ್ಪ ಮರ ಬರ್ದಿದ್ದು ನಿನ್ನ ಹೆಸರಿಗೆ. ನಿನ್ನನ್ನ ಮರದ ಹೆಸರಿಗೆ ಬರೀಲಿಲ್ಲ" ಎಂದರು. ಆಮೇಲೆ ಒಳಗೆ ಹೋಗಿ ಅತ್ತರು. ನನಗೆ ಕೇಳಿಸಬಾರದೆಂದು ಒನಕೆ ಹಿಡಿದು ಏನೋ ಕುಟ್ಟುತ್ತಿದ್ದರು.

ಇನ್ನು ಏಳು ತಿಂಗಳು ಚಿಲ್ಲರೆ. ಎಲ್ಲಿಗೂ ಹೋಗುವುದಿಲ್ಲ. ತಿಪಟೂರಿನ ಸಂತೆಗೂ ಹೋಗುತ್ತಿಲ್ಲ, ಅಲ್ಲಿ ಎದುರಾದರೆ ಮಾತು ಹುಟ್ಟುತ್ತದೆಂದು. ಮನೆ, ಹಿತ್ತಿಲು, ಎದುರು ಸಾಲಿನ ಭೈರಮ್ಮನ ಜಗಲಿ. ಚಿಕ್ಕನಾಯಕನಹಳ್ಳಿಯಲ್ಲಿ ಬೀಗ ಅವರು ಹಾಕುತ್ತಿದ್ದರು. ಇಲ್ಲಿ ನಾನೇ ಹಾಕಿಕೊಂಡಿದ್ದೇನೆ, ಅಷ್ಟೇ ವ್ಯತ್ಯಾಸ ಎಂದು ಕೆಲವು ದಿನ ಅನಿಸುತ್ತದೆ.

ಗಿರಿಜಾ


ಹಾಲ್ಕುರಿಕೆ
2 ಸೆಪ್ಟೆಂಬರ್ 1985

ಹೊಂಬಾಳೆ,

ಅವರು ಬಂದಿದ್ದರು.

ಯಾರೋ ಅವರಿಗೆ ವರ್ಷದ ವಿಷಯ ಹೇಳಿರಬೇಕು. ಹೋದ ಸೋಮವಾರ ಬೆಳಗ್ಗೆ ಹಣ್ಣು, ಹೂವು ಹಿಡಿದು, ಊರ ಹಿರಿಯರಾದ ದೊಡ್ಡರಂಗಯ್ಯನವರನ್ನೂ ಕರೆದುಕೊಂಡು ಬಂದರು. "ಅತ್ತೆಯೋರ ಯೋಗಕ್ಷೇಮ ನೋಡಿ ಎರಡು ದಿನ ಇದ್ದು ಹೋಗ್ತೀನಿ" ಎಂದು ಜಗಲಿಯ ಮೇಲೆ ಕೂತರು. ಅಳಿಯನನ್ನು ಏಳು ಎನ್ನುವುದು ಅಮ್ಮನಿಂದ ಆಗಲಿಲ್ಲ.

ನಾನು ಹಿತ್ತಿಲ ಬಾಗಿಲಿಂದ ಹೊರಟೆ. ಉಟ್ಟ ಸೀರೆಯಲ್ಲೇ ಭೈರಮ್ಮನ ಮನೆಗೆ ಹೋದೆ. ಆಕೆ ವಿಧವೆ, ಒಂದೇ ಅಂಕಣದ ಮನೆ. ನಾನು ಬಾಯಿ ಬಿಡುವ ಮೊದಲೇ, "ಎಷ್ಟ್ ದಿನ ಆದ್ರೂ ಇರವ್ವ" ಎಂದಳು.

ಎರಡು ದಿನ ಐದು ದಿನವಾಯಿತು. ನನ್ನ ಅಪ್ಪನ ಮನೆಯಲ್ಲಿ ಅವರು, ಎದುರು ಸಾಲಿನಲ್ಲಿ ನಾನು. ಅಮ್ಮ ಅವರಿಗೆ ಬಡಿಸಿ, ಆಮೇಲೆ ಸೆರಗಿನ ಮರೆಯಲ್ಲಿ ನನಗೆ ರೊಟ್ಟಿ ತರುತ್ತಿದ್ದರು. ಮೂರನೇ ದಿನ ದೊಡ್ಡರಂಗಯ್ಯನವರು ಬಂದರು. "ಹೋಗವ್ವ, ಒಂದ್ ಗಳಿಗೆ ಮನೆಗೆ ಬಂದು ನಿನ್ ಕೈಯಾಗೆ ಒಂದ್ ಲೋಟ ನೀರು ಕೊಡು. ಅಷ್ಟ್ರಾಗೆ ಏನು ಹೋಗ್ತದೆ?"

"ನಂಗೆ ಒಂದು ವರ್ಷ ಹೋಗ್ತದೆ ದೊಡ್ಡಪ್ಪ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ನಿನ್ನ ನಕಲಿನಲ್ಲಿದ್ದುದನ್ನು ನನಗೆ ಬಂದಂತೆ ಹೇಳಿದೆ. ಬಾಗಿಲ ಸಂದಿಯಲ್ಲಿ ತಂತಿ ತೂರಿಸಿದ್ದನ್ನೂ ಹೇಳಿದೆ. ಅಪ್ಪನ ಮಣ್ಣಿಗೆ ನಾನು ತಡವಾಗಿ ಬಂದವಳು ಎಂದು ಅವರೂ ಅವತ್ತು ಬೈದಿದ್ದವರೇ. ಕೇಳಿ ಮುಗಿಸಿ ಎದ್ದು ಹೋದರು. ನಮ್ಮ ಜಗಲಿಯಲ್ಲಿ ಅವರು ತೋಂಟದಾರ್ಯರಿಗೆ ಹೇಳಿದ್ದು ಭೈರಮ್ಮನ ಕಿಟಕಿಗೆ ಕೇಳಿಸಿತು: "ಆ ಯಮ್ಮ ಬರಾಕಿಲ್ಲ ಕಣಪ್ಪ. ನೀನು ಎದ್ದೇಳು."

ಆದರೂ ಇವರು ಇನ್ನೆರಡು ದಿನ ಕೂತಿದ್ದರು. ಐದನೇ ದಿನ ಮಧ್ಯಾಹ್ನದ ಬಸ್ಸಿಗೆ ಹೋದರು. ನಾನು ಒಳಗೆ ಬಂದಾಗ ಹಣ್ಣುಗಳು ಹಾಗೇ ಕೊಳೆತಿದ್ದವು.

ಐದು ದಿನವೂ ನಾನು ಅವಳ ಮನೆಯಲ್ಲೇ ಇದ್ದೆನೆಂದು ಭೈರಮ್ಮ ಹೆಬ್ಬೆಟ್ಟು ಒತ್ತಿಕೊಟ್ಟಿದ್ದಾಳೆ. ಕೇಳದೆಯೇ ದೊಡ್ಡರಂಗಯ್ಯನವರೂ ರುಜು ಹಾಕಿದರು. ಕಾಗದವನ್ನು ಬಸವರಾಜಪ್ಪನವರಿಗೆ ಮುಟ್ಟಿಸಿದ್ದೇನೆ.

ಗಿರಿಜಾ


ಬೆಂಗಳೂರು
12 ಅಕ್ಟೋಬರ್ 1986

ಗಿರಿಜಾ,

ಆಗಸ್ಟಿನಲ್ಲಿ ನಿನಗೆ ವಿಚ್ಛೇದನವಾಯಿತೆಂದು ಬಸವರಾಜಪ್ಪನವರೇ ನನಗೊಂದು ಕಾರ್ಡು ಬರೆದಿದ್ದರು. ನೀನೇ ಬರೆಯುತ್ತೀಯೆಂದು ಕಾದೆ. ಅಪೀಲು ಹೋಗುತ್ತಾರೇನೋ ಎಂಬ ಭಯಕ್ಕೆ ಸುಮ್ಮನಿದ್ದೀಯೆ ಎಂದುಕೊಳ್ಳುತ್ತೇನೆ.

ನಿನ್ನ ತೀರ್ಪು ಯಾವ ಸಂಪುಟದಲ್ಲೂ ಬರುವುದಿಲ್ಲ. ತಾಲ್ಲೂಕಿನ ಕೋರ್ಟುಗಳದ್ದನ್ನು ಅಚ್ಚು ಹಾಕುವುದಿಲ್ಲ. ಇಲ್ಲಿ ಹುಡುಕುವವರಿಗೆ ನೀನು ಸಿಗುವುದಿಲ್ಲ ಎಂಬುದು ನನಗೇನೋ ಸಂಕಟ. ಅಣ್ಣ ನನಗೊಂದು ಗಂಡು ನೋಡಿದ್ದಾನೆ, ಹೆಂಡತಿ ತೀರಿಕೊಂಡವರು. ಅವರ ಬೀದಿಯಲ್ಲಿರುವವರನ್ನು ಕೇಳಿ ಬರದೆ ಒಪ್ಪುವುದಿಲ್ಲ ಎಂದೆ. ಮನೆಯಲ್ಲಿ ಒಂದು ವಾರದಿಂದ ಯಾರೂ ಮಾತಾಡಿಸುತ್ತಿಲ್ಲ.

ಹೊಂಬಾಳೆ


ಹಾಲ್ಕುರಿಕೆ
6 ನವೆಂಬರ್ 1986

ಪ್ರಿಯ ಹೊಂಬಾಳೆ,

ಅಪೀಲಿನ ಗಡುವು ಮುಗಿಯಿತು. ಅದಕ್ಕೇ ಕಾದಿದ್ದೆ.

ತೋಟದಲ್ಲಿ ಹಳ್ಳದ ಕಡೆಯ ಅರ್ಧ ಹೋಯಿತು. ಹರಾಜಿನಲ್ಲಿ ತೆಗೆದುಕೊಂಡವರು ಬೇಲಿ ಹಾಕಿದ್ದಾರೆ. ಬಾವಿ ನಮ್ಮ ಕಡೆಗೆ ಉಳಿದಿದೆ. ಅಮ್ಮ ಮೊದಮೊದಲು ಆ ಬೇಲಿಯ ಕಡೆ ತಿರುಗದೆ ನೀರು ಸೇದುತ್ತಿದ್ದರು, ಈಗ ನೋಡುತ್ತಾರೆ. ನಾನು ಬಿಡುಗಡೆಯಾದವಳಂತೆ ಇದ್ದೇನೆಯೇ ಎಂದು ನೀನು ಕೇಳಿಲ್ಲ, ಆದರೆ ಕೇಳುತ್ತೀಯೆ. ಮೊನ್ನೆ ತಿಪಟೂರಿಗೆ ಒಬ್ಬಳೇ ಹೋಗಿ ಬಂದೆ. ಏನೂ ಕೊಳ್ಳಬೇಕಾಗಿರಲಿಲ್ಲ. ಸಂಜೆಯಾಗುತ್ತಿದ್ದಂತೆ ಯಾರೋ ಕಾಯುತ್ತಿದ್ದಾರೆಂಬಂತೆ ಎದೆ ಹೊಡೆದುಕೊಳ್ಳತೊಡಗಿತು. ಅದು ಇಷ್ಟರಲ್ಲೇ ಹೋಗುವಂಥದ್ದಲ್ಲ.

ಆ ಗಂಡಿನ ಬೀದಿ ಯಾವುದೆಂದು ನನಗೆ ಬರಿ. ನಾನೇ ಬಂದು ಕೇಳುತ್ತೇನೆ.

ಇನ್ನೊಂದು ವಿಷಯಕ್ಕೆ ಈ ಕಾಗದ. ನನ್ನ ಕೇಸು ಪುಸ್ತಕದಲ್ಲಿ ಬರುವುದಿಲ್ಲ ಎಂದೆಯಲ್ಲ, ಬಾಯಿಂದ ಬಾಯಿಗೆ ಹೋಗಿದೆ. ತುರುವೇಕೆರೆ ಕಡೆಯಿಂದ ಓಬಮ್ಮ ಎಂಬವಳು ನಡೆದೂ ಬಸ್ಸು ಹಿಡಿದೂ ಹುಡುಕಿಕೊಂಡು ಬಂದಿದ್ದಾಳೆ. ಎರಡು ಹೆಣ್ಣುಮಕ್ಕಳು. ಗಂಡ ಇನ್ನೊಬ್ಬಳನ್ನು ತಂದುಕೊಂಡು, ಇವಳನ್ನು ಹೊರಗೆ ಹಾಕಿ ಕದ ಮುಚ್ಚಿದ್ದಾನೆ. ಅವಳಿಗೆ ತೌರಿಲ್ಲ. ನಾನು ಬಿಡುಗಡೆಯ ದಾರಿ ಹೇಳತೊಡಗಿದೆ. ಅವಳು ತಡೆದಳು.

"ಬುಡುಗಡೆ ಬ್ಯಾಡ ಕಣಕ್ಕ. ಅದು ನನ್ ಮನೆ. ಗೋಡೆ ಕಟ್ಟಿದ್ದು ನಾನು. ನಂಗೆ ಒಳೀಕ್ಕೆ ಹೋಗಾಕೆ ದಾರಿ ಬೇಕು."

ದಾರಿ ಯಾವುದೆಂದು ನಿನಗೆ ಗೊತ್ತು. ನನಗೂ ಗೊತ್ತು. ಅದೇ ಒಂಬತ್ತನೇ ಕಲಂ. ಅಮ್ಮ ಅವಳಿಗೂ ಮಕ್ಕಳಿಗೂ ಮುದ್ದೆ ಬಡಿಸುತ್ತಿದ್ದರು. ನಾನು ಪೆನ್ನು ಹಿಡಿದು ಏನೂ ಬರೆಯಲಾಗದೆ ಕೂತಿದ್ದೆ. ಆ ಕಲಂ ಸತ್ತುಹೋಗಲೆಂದು ಮೂರು ವರ್ಷ ಬೇಡಿಕೊಂಡವಳು ನಾನು. ಅದು ಸತ್ತಿದ್ದರೆ ಇವತ್ತು ಇವಳಿಗೆ ಏನು ಹೇಳುತ್ತಿದ್ದೆ ಎಂದು ಗೊತ್ತಿಲ್ಲ. ಅದು ಉಳಿದದ್ದು ಒಳ್ಳೆಯದಾಯಿತು ಎಂದೂ ನನ್ನ ಬಾಯಿಂದ ಬರುವುದಿಲ್ಲ.

ಹೆಂಡತಿ ಕೇಳಿ, ಗಂಡನ ಮನೆಯೊಳಕ್ಕೆ ಹೋಗಲು ಡಿಕ್ರಿಯಾದ ತೀರ್ಪುಗಳು ಬೇಕು. ಹುಡುಕಿ ಕಳಿಸು. ಅವಳ ಹೆಸರು, ಊರು, ಮದುವೆಯಾದ ಇಸವಿ ಇದರ ಹಿಂಭಾಗದಲ್ಲಿ ಬರೆದಿದ್ದೇನೆ. ಓಬಮ್ಮ ಕಾಯುತ್ತಿದ್ದಾಳೆ.

ನಿನ್ನ
ಗಿರಿಜಾ